ಲ್ಯಾಕ್ಸ್‌ಟನ್: ಬೇಲಿ ಹಾಕದ ಮೂರು ಹೊಲ, ಅವನ್ನು ಕಾಯುವ ಊರ ಕೋರ್ಟು

ಬದುಗಾರ

ಲ್ಯಾಕ್ಸ್‌ಟನ್ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ, ಓಲರ್ಟನ್ ಮತ್ತು ಟಕ್ಸ್‌ಫರ್ಡ್ ನಡುವೆ. ಊರಿನ ಸುತ್ತ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲು ಹೊಲಗಳು, ಒಟ್ಟು ಸುಮಾರು 480 ಎಕರೆ. ರೈತರು ಹಲವರು, ಆದರೆ ಅವರವರ ಪಾಲನ್ನು ಬೇರ್ಪಡಿಸುವ ಬೇಲಿ ಒಳಗೆಲ್ಲೂ ಇಲ್ಲ. ಪ್ರತಿ ಹೊಲವೂ ಉದ್ದುದ್ದ, ಸ್ವಲ್ಪ ಬಾಗಿದ ಪಟ್ಟಿಗಳಾಗಿ ಹಂಚಿಕೆಯಾಗಿದೆ. ಒಬ್ಬ ರೈತನ ಪಟ್ಟಿಗಳು ಮೂರೂ ಹೊಲಗಳಲ್ಲಿ ಅಲ್ಲಲ್ಲಿ ಚದುರಿರುತ್ತವೆ.

ಬೆಳೆ ಸರದಿ ಮೂರು ವರ್ಷದ್ದು. ಒಂದು ಹೊಲಕ್ಕೆ ಚಳಿಗಾಲದ ಗೋಧಿ: ಅಕ್ಟೋಬರ್ ಹೊತ್ತಿಗೆ ಬಿತ್ತಿ ಮುಂದಿನ ಆಗಸ್ಟಿನಲ್ಲಿ ಕೊಯ್ಲು. ಎರಡನೆಯದಕ್ಕೆ ವಸಂತದಲ್ಲಿ ಬಿತ್ತುವ ಬಾರ್ಲಿ, ಓಟ್ಸ್, ಬಟಾಣಿ, ಬೀನ್ಸ್. ಮೂರನೆಯದು ಬೀಳು. ಮರುವರ್ಷ ಎಲ್ಲವೂ ಒಂದು ಮನೆ ಮುಂದೆ ಸರಿಯುತ್ತದೆ. ಗೋಧಿ ಹೊಲದಲ್ಲಿ ಪಟ್ಟಿ ಇರುವವನು ಗೋಧಿಯನ್ನೇ ಹಾಕಬೇಕು, ಬೀಳಿನ ಸರದಿ ಬಂದರೆ ಬಿಡಲೇಬೇಕು. ಅದಕ್ಕೇ ಪ್ರತಿಯೊಬ್ಬನಿಗೂ ಮೂರು ಹೊಲಗಳಲ್ಲಿ ಹೆಚ್ಚುಕಡಿಮೆ ಸಮ ಪಾಲು ಇರಬೇಕಾಗುತ್ತದೆ. ಒಬ್ಬನಿಗೆ ವೆಸ್ಟ್ ಫೀಲ್ಡಿನಲ್ಲಿ ಮೂವತ್ತು ಎಕರೆ, ಸೌತ್ ಫೀಲ್ಡಿನಲ್ಲಿ ಐದೇ ಎಕರೆ ಇದ್ದರೆ ಸೌತ್ ಫೀಲ್ಡಿಗೆ ಗೋಧಿ ಬಂದ ವರ್ಷ ಅವನ ಕಣಜ ಖಾಲಿ.

ಊರು ಹಳೆಯದು. ಇಂಗ್ಲೆಂಡಿನ ಭೂಮಿಯ ಲೆಕ್ಕ ಬರೆದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಜೆಫ್ರಿ ಅಲ್ಸೆಲಿನ್ ಎಂಬ ನಾರ್ಮನ್ ಒಡೆಯನ ಹೆಸರಲ್ಲಿದೆ. ಅವನಿಗಿಂತ ಮೊದಲು ಟೋಕಿ ಎಂಬವನದು. ಆರು ನೇಗಿಲಿನ ಭೂಮಿ, 22 ಮಂದಿ ಒಕ್ಕಲು, 7 ಮಂದಿ ತುಂಡು ಹಿಡುವಳಿಯವರು, 40 ಎಕರೆ ಹುಲ್ಲುಗಾವಲು ಎಂದು ಲೆಕ್ಕ ಕೊಟ್ಟಿದ್ದಾರೆ. ಊರಿನ ಉತ್ತರಕ್ಕೆ ಕೋಟೆಯ ಮಣ್ಣುದಿಬ್ಬ ಇವತ್ತಿಗೂ ಇದೆ. ಶೆರ್ವುಡ್ ಕಾಡಿನ ಮೇಲ್ವಿಚಾರಣೆ ಇದ್ದ ಎವರಿಂಗ್‌ಹ್ಯಾಮ್ ಮನೆತನದವರ ಸಮಾಧಿ ಪ್ರತಿಮೆಗಳು ಚರ್ಚಿನೊಳಗಿವೆ, ಅವುಗಳಲ್ಲಿ ಒಂದು ಓಕ್ ಮರದ್ದು.

ಇಲ್ಲಿ ಹೊಲ, ಅದರ 1635ರ ನಕ್ಷೆ, ಹೊಲದ ನಿಯಮ ಕಾಯುವ ಊರ ಕೋರ್ಟು ಈ ಮೂರರ ಬಗ್ಗೆ ವಿವರವಾಗಿ ಸೇರಿಸುತ್ತಾ ಹೋಗೋಣ. ಉಳುಮೆ ಗೊತ್ತಿರುವವರು ಮೊದಲು ಬರೆಯಿರಿ. ಪಟ್ಟಿಗಳು ಯಾಕೆ ಬಾಗಿವೆ ಎನ್ನುವ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಸಿಗಬೇಕು.


ರೆಂಟೆ_ಸಾಲು

ಬಾಗಿರುವುದಕ್ಕೆ ಕಾರಣ ಎತ್ತುಗಳು. ಜೇಡಿಮಣ್ಣು ಒಡೆಯುವ ಭಾರಿ ನೇಗಿಲಿಗೆ ಮಧ್ಯಯುಗದ ದಾಖಲೆಗಳು ಹೇಳುವುದು ಎಂಟು ಎತ್ತಿನ ಪೂರ್ತಿ ಜೋಡಣೆ, ಎರಡೆರಡರಂತೆ ನಾಲ್ಕು ಜೊತೆ. ನೇಗಿಲಿಂದ ಮುಂಚೂಣಿ ಎತ್ತಿನವರೆಗೆ ಈ ಸಾಲು ಬಲು ಉದ್ದ. ಪಟ್ಟಿಯ ಕೊನೆಗೆ ಬಂದು ಒಮ್ಮೆಲೇ ತಿರುಗಿಸಲು ಆಗುವುದಿಲ್ಲ. ನೇಗಿಲು ಇನ್ನೂ ಸಾಲಿನಲ್ಲೇ ಇರುವಾಗ ಮುಂದಿನ ಎತ್ತುಗಳನ್ನು ಎಡಕ್ಕೆ ಎಳೆಯುತ್ತಾ ಬರಬೇಕು. ಎರಡೂ ತುದಿಯಲ್ಲಿ ಹೀಗೆ ಮಾಡಿದರೆ ಪಟ್ಟಿ ಹಾವು ಹರಿದಂತೆ, ಎಸ್ ಅಕ್ಷರವನ್ನು ಹಿಂದುಮುಂದು ಮಾಡಿದ ಹಾಗೆ ಬಾಗುತ್ತದೆ. ಎತ್ತು ಹೋಗಿ ಕುದುರೆ ಬಂತು, ಟ್ರ್ಯಾಕ್ಟರ್ ಬಂತು, ಗಡಿಗಳ ಬಾಗು ಹಾಗೇ ಉಳಿಯಿತು.

ಇನ್ನೊಂದು ಸಂಗತಿ. ಇದು ನಮ್ಮ ಮರದ ನೇಗಿಲಿನ ಹಾಗೆ ಮಣ್ಣು ಸೀಳಿ ಎರಡೂ ಬದಿಗೆ ಬಿಡುವ ಉಪಕರಣವಲ್ಲ. ನಮ್ಮ ಕಬ್ಬಿಣದ ರೆಂಟೆಯ ಹಾಗೆ ಹೆಂಟೆಯನ್ನು ಬಲಕ್ಕೆ ಮಗುಚುತ್ತದೆ. ಪಟ್ಟಿಯ ನಡುವಿನಿಂದ ಶುರುಮಾಡಿ ಬಲಸುತ್ತಾಗಿ ಹೊರಕ್ಕೆ ಉಳುತ್ತಾ ಬಂದರೆ ಪ್ರತಿ ಹೆಂಟೆಯೂ ನಡುವಿನ ಕಡೆಗೇ ಬೀಳುತ್ತದೆ. ವರ್ಷ ವರ್ಷ ಹೀಗೆ ಮಾಡಿದಾಗ ನಡುವೆ ದಿಂಡು ಏಳುತ್ತದೆ, ಎರಡು ಪಟ್ಟಿಗಳ ನಡುವೆ ತಗ್ಗು ಬೀಳುತ್ತದೆ. ಲ್ಯಾಕ್ಸ್‌ಟನ್ನಿನ ಕೆಂಪು ಜೇಡಿಗೆ ಇದು ಬಹಳ ಬೇಕಾದ್ದು, ಏಕೆಂದರೆ ಚಳಿಗಾಲದ ಮಳೆ ನೆಲದೊಳಕ್ಕೆ ಇಳಿಯುವುದಿಲ್ಲ. ದಿಂಡಿನ ಮೇಲಿನ ಗೋಧಿಯ ಬುಡ ನೀರಿನಲ್ಲಿ ನಿಲ್ಲುವುದಿಲ್ಲ, ತಗ್ಗು ಬಸಿಗಾಲುವೆಯಾಗಿ ನೀರು ಒಯ್ಯುತ್ತದೆ.

ಕೆಡುವುದು ಎಲ್ಲಿ? ನಡುವಿಗೇ ಮಣ್ಣು ಸೇರಿಸುತ್ತಾ ಹೋದರೆ ತಗ್ಗಿನಲ್ಲಿ ಮೇಲ್ಮಣ್ಣು ಮುಗಿದು ಹಸಿ ಜೇಡಿ ಮೇಲೆ ಬರುತ್ತದೆ. ಪಟ್ಟಿಯ ಎರಡೂ ಅಂಚಿನ ಸಾಲುಗಳಲ್ಲಿ ಪೈರು ಹಳದಿಯಾಗಿ ಕುಳ್ಳಾಗುತ್ತದೆ. ಪರಿಹಾರವೆಂದರೆ ಬೀಳು ಬಿಟ್ಟ ವರ್ಷ ತಿರುಗುಮುರುಗಾಗಿ, ಅಂಚಿನಿಂದ ಶುರುಮಾಡಿ ಎಡಸುತ್ತಾಗಿ ಉತ್ತು ಹೆಂಟೆಯನ್ನು ಹೊರಕ್ಕೆ ಬೀಳಿಸುವುದು. ದಿಂಡು ಸ್ವಲ್ಪ ತಗ್ಗುತ್ತದೆ, ಮಣ್ಣು ಅಂಚಿಗೆ ಮರಳುತ್ತದೆ.

ಪಟ್ಟಿಗಳ ದಿಕ್ಕನ್ನೂ ಗಮನಿಸಿ. ಇಳಿಜಾರು ಎತ್ತ ಇದೆಯೋ ಪಟ್ಟಿ ಅತ್ತ ಹರಿಯಬೇಕು. ಅಡ್ಡಕ್ಕೆ ಹಾಕಿದರೆ ತಗ್ಗಿನಲ್ಲಿ ನೀರು ನಿಂತು ಬಿತ್ತನೆ ಕೊಳೆಯುತ್ತದೆ. ನೆಲದ ಓಟ ಬದಲಾದ ಕಡೆ ಪಟ್ಟಿಗಳ ದಿಕ್ಕೂ ಬದಲಾಗುತ್ತದೆ. ಒಂದೇ ದಿಕ್ಕಿನ ಪಟ್ಟಿಗಳ ಒಂದು ಗುಂಪಿಗೆ ಫರ್ಲಾಂಗ್ ಎಂದು ಹೆಸರು. ನಾವು ದೂರಕ್ಕೆ ಬಳಸುವ 220 ಗಜದ ಫರ್ಲಾಂಗೂ ಇಲ್ಲಿಂದಲೇ ಹುಟ್ಟಿದ್ದು, ಅದರ ಮೂಲ ಅರ್ಥ ಒಂದು ಉಳುಮೆ ಸಾಲಿನ ಉದ್ದ.


ಹೊಸಪೈರು

ಪಟ್ಟಿಗೂ ಪಟ್ಟಿಗೂ ನಡುವೆ ಹುಲ್ಲಿನ ಬದು ಇತ್ತು ಅಂತಲ್ಲವೇ ಶಾಲೆ ಪುಸ್ತಕಗಳಲ್ಲಿ ಓದಿದ್ದು? ಬದು ಇಲ್ಲದಿದ್ದರೆ ಒತ್ತುವರಿ ಆಗುವುದಿಲ್ಲವೇ?


ರೆಂಟೆ_ಸಾಲು

ಆ ಚಿತ್ರ ಬಹಳ ಕಾಲ ಪುಸ್ತಕಗಳಲ್ಲಿ ಓಡಾಡಿತು. ಲ್ಯಾಕ್ಸ್‌ಟನ್ನಿನ ಹೊಲದಲ್ಲಿ ಪ್ರತಿ ಪಟ್ಟಿಗೂ ಹುಲ್ಲಿನ ಬದು ಇಲ್ಲ. ನೆರೆಯವನ ದಿಂಡು ಮತ್ತು ನನ್ನ ದಿಂಡಿನ ನಡುವಿನ ತಗ್ಗೇ ಗಡಿ. ಒಂದೊಂದು ಪಟ್ಟಿಗೆ ಎರಡಡಿ ಬದು ಬಿಡುತ್ತಾ ಹೋದರೆ ಎಷ್ಟು ಭೂಮಿ ವ್ಯರ್ಥವಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ: 220 ಗಜ ಉದ್ದದ ಒಂದು ಬದುವಿಗೇ ಒಂದು ಗುಂಟೆಗಿಂತ ಹೆಚ್ಚು ಹೋಗುತ್ತದೆ. ಅದರ ಮೇಲೆ, ಬದುವಿನ ಕಳೆ ಎರಡೂ ಕಡೆ ಹರಡುತ್ತದೆ.

ಹುಲ್ಲು ಇರುವುದು ಬೇರೆ ಕಡೆ. ಒಂದು, ಹೊಲದೊಳಗಿನ ದಾರಿಗಳಲ್ಲಿ. ಎರಡು, ಉಳಲಾಗದ ತಗ್ಗು ಪ್ರದೇಶಗಳಲ್ಲಿ. ಅವನ್ನು ಸೈಕ್ ಎನ್ನುತ್ತಾರೆ.

ಒತ್ತುವರಿ ಆಗುತ್ತದೆ, ಖಂಡಿತ. ಒಂದು ಸಾಲು ಆಚೆ ಹಾಕಿದರೆ ಆಯಿತು. ಅದನ್ನು ಹಿಡಿಯುವುದಕ್ಕೇ ಊರ ಕೋರ್ಟಿನ ಜ್ಯೂರಿ, ಅಂದರೆ ಹೊಲ ತಪಾಸಣೆ ಮಾಡುವ ರೈತರ ತಂಡ, ಇರುವುದು. ಪಟ್ಟಿಯ ತುದಿಯಲ್ಲಿರುವ ತಲೆಪಟ್ಟಿಯೂ ಜಗಳದ ಜಾಗ. ಎಲ್ಲರೂ ನೇಗಿಲು ತಿರುಗಿಸುವುದು ಅದರ ಮೇಲೆ, ಹಾಗಾಗಿ ತಲೆಪಟ್ಟಿಯ ಒಡೆಯ ಎಲ್ಲರಿಗಿಂತ ಕೊನೆಗೆ ಉಳಬೇಕು. ತುಳಿತಕ್ಕೆ ಮಣ್ಣು ಗಟ್ಟಿಯಾಗಿರುತ್ತದೆ, ಅಷ್ಟರಲ್ಲಿ ಹದವೂ ತಪ್ಪಿರುತ್ತದೆ.


ಚೆಕ್ಕುಬಂದಿ

ನಕ್ಷೆಯ ವಿಷಯ ನಾನು ಬರೆಯುತ್ತೇನೆ. 1635ರಲ್ಲಿ ಮೇನರಿನ (ಊರಿನ ಜಹಗೀರಿನ) ಒಡೆಯ ಸರ್ ವಿಲಿಯಂ ಕೋರ್ಟನ್ ಮಾರ್ಕ್ ಪಿಯರ್ಸ್ ಎಂಬ ಅಳತೆಗಾರನಿಂದ ಇಡೀ ಊರಿನ ನಕ್ಷೆ ಮಾಡಿಸಿದ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿ ಪಟ್ಟಿಯನ್ನೂ ಗೆರೆ ಎಳೆದು ತೋರಿಸಿದ್ದಾರೆ. ನಡುನಡುವೆ ಉಳುವವರು, ಕೊಯ್ಯುವವರು, ಬೇಟೆಯಾಡುವವರ ಪುಟ್ಟ ಚಿತ್ರಗಳೂ ಇವೆ. ಆಗ ಬಯಲು ಹೊಲ ನಾಲ್ಕಿದ್ದವು, ಈಸ್ಟ್ ಫೀಲ್ಡ್ ಸೇರಿ.

ನಕ್ಷೆಯ ಜೊತೆಗೆ ಟೆರಿಯರ್ ಎಂಬ ಪುಸ್ತಕ ಇದೆ. ನಮ್ಮ ಪಹಣಿ ಓದಿ ಅಭ್ಯಾಸ ಇರುವವರಿಗೆ ಈ ಬಗೆಯ ದಾಖಲೆ ಕಷ್ಟವೇ ಅಲ್ಲ. ಓದುವ ಕ್ರಮ ಹೀಗೆ. ಮೊದಲು ಹಿಡುವಳಿದಾರನ ಹೆಸರು, ಅವನ ಹಕ್ಕು ಯಾವ ಬಗೆಯದು ಎಂಬುದು. ಆಮೇಲೆ ಯಾವ ಹೊಲ, ಯಾವ ಫರ್ಲಾಂಗ್. ನಂತರ ಚೆಕ್ಕುಬಂದಿ: ಈ ಬದಿಗೆ ಇಂಥವನ ಪಟ್ಟಿ, ಆ ಬದಿಗೆ ಇಂಥವನದು, ತುದಿ ಇಂಥ ದಾರಿಗೆ ತಾಗುತ್ತದೆ. ಕೊನೆಗೆ ಮೂರು ಅಂಕಣದಲ್ಲಿ ವಿಸ್ತೀರ್ಣ: ಎಕರೆ, ರೂಡ್, ಪರ್ಚ್.

ಈ ಮೂರಕ್ಕೆ ಗಾಬರಿ ಬೇಡ. 1 ಎಕರೆಗೆ 4 ರೂಡ್, 1 ರೂಡಿಗೆ 40 ಪರ್ಚ್. ನಮ್ಮ ಎಕರೆಗೆ 40 ಗುಂಟೆ, ಗುಂಟೆಗೆ 121 ಚದರ ಗಜ. ಪರ್ಚ್ ಅಂದರೆ 30.25 ಚದರ ಗಜ. ಹಾಗಾದರೆ 1 ಗುಂಟೆ ಸರಿಯಾಗಿ 4 ಪರ್ಚ್, 1 ರೂಡ್ ಸರಿಯಾಗಿ 10 ಗುಂಟೆ. "1 ರೂಡ್ 20 ಪರ್ಚ್" ಎಂದು ಬರೆದಿದ್ದರೆ ಕಣ್ಣುಮುಚ್ಚಿ 15 ಗುಂಟೆ ಅನ್ನಿ. ಎಕರೆ ಅನ್ನುವುದೇ ಉಳುಮೆಯ ಅಳತೆ: 220 ಗಜ ಉದ್ದ, 22 ಗಜ ಅಗಲ, ಒಂದು ಜೋಡಣೆಯ ಒಂದು ದಿನದ ಕೆಲಸ ಎಂದು ಅಂದಾಜು. ನಿಜವಾದ ಪಟ್ಟಿಗಳು ಅದಕ್ಕಿಂತ ಕಿರಿದು. ಅರ್ಧ ಎಕರೆ, ಮೂರನೇ ಒಂದು ಎಕರೆಯವು ಸಾಮಾನ್ಯ.

ಒಂದು ಎಚ್ಚರಿಕೆ. ಡೂಮ್ಸ್‌ಡೇ ಓದುವಾಗ ಕ್ಯಾರುಕೇಟ್ ಎಂಬ ಪದ ಬರುತ್ತದೆ. ಡೇನರು ನೆಲೆಸಿದ್ದ ಈ ಭಾಗದಲ್ಲಿ ಅದು ತೆರಿಗೆಯ ಮಾನ. 8 ಬೋವೇಟ್ ಸೇರಿ 1 ಕ್ಯಾರುಕೇಟ್, ಅಂದರೆ ಎತ್ತಿಗೊಂದು ಬೋವೇಟ್. ಲ್ಯಾಕ್ಸ್‌ಟನ್ನಿಗೆ ತೆರಿಗೆ ಕಟ್ಟಿದ್ದು 2 ಕ್ಯಾರುಕೇಟಿಗೆ, ಆದರೆ ಭೂಮಿ ಇದ್ದದ್ದು 6 ನೇಗಿಲಿಗೆ. ಇವೆರಡನ್ನೂ, ಕ್ಯಾರುಕೇಟಿಗೆ ರೂಢಿಯಲ್ಲಿ ಹೇಳುವ 120 ಎಕರೆಯಿಂದ ಗುಣಿಸಿ ಊರಿನ ವಿಸ್ತೀರ್ಣ ಹೇಳಹೊರಟರೆ ಎರಡು ಬೇರೆ ಉತ್ತರ ಬರುತ್ತವೆ, ಎರಡೂ ತಪ್ಪು.


ಕಾಳಿ_ಮುಖ

ಚೆಕ್ಕುಬಂದಿ ಅವರೇ, ನೀವು ಹೇಳಿದ ಕೋರ್ಟನ್ ನಮ್ಮ ಕರಾವಳಿಯ ಇತಿಹಾಸದಲ್ಲೂ ಬರುತ್ತಾನೆ. ರೇಷ್ಮೆ, ನಾರುಬಟ್ಟೆಯ ದೊಡ್ಡ ವ್ಯಾಪಾರಿ. ಬಾರ್ಬಡೋಸ್‌ನಲ್ಲಿ 1627ರ ಇಂಗ್ಲಿಷ್ ನೆಲಸಿಕೆಯ ಹಿಂದಿದ್ದ ಹಣವೂ ಅವನದೇ. ಲ್ಯಾಕ್ಸ್‌ಟನ್ ನಕ್ಷೆ ಮುಗಿದ ಅದೇ 1635ರಲ್ಲಿ ಒಂದನೇ ಚಾರ್ಲ್ಸ್ ದೊರೆ ಅವನ ಕೂಟಕ್ಕೆ ಪೂರ್ವದೇಶಗಳ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿ ಹುಟ್ಟಿದ್ದು ಹೀಗೆ. 1636ರ ವಸಂತದಲ್ಲಿ ಜಾನ್ ವೆಡೆಲ್ ಕೈಕೆಳಗೆ ಹಡಗುಗಳು ಹೊರಟವು. ಅವು ಹೊರಟ ಸ್ವಲ್ಪ ದಿನಕ್ಕೇ ಕೋರ್ಟನ್ ತೀರಿಕೊಂಡ.

ಆ ಹಡಗುಗಳು ಭಟ್ಕಳಕ್ಕೆ ಬಂದವು. ಜೊತೆಗಿದ್ದ ಪೀಟರ್ ಮಂಡಿ 1637ರಲ್ಲಿ ಇಕ್ಕೇರಿಗೆ ಹೋಗಿ ನೋಡಿದ್ದನ್ನು ಬರೆದಿಟ್ಟಿದ್ದಾನೆ; ಆಗ ಆಳುತ್ತಿದ್ದವನು ಕೆಳದಿಯ ವೀರಭದ್ರ ನಾಯಕ. 1638ರಲ್ಲಿ ಕೋರ್ಟನ್ ಕೂಟದವರು ಕಾರವಾರದಲ್ಲಿ ಕೋಠಿ ತೆರೆದರು. ಅವರಿಗೆ ಬೇಕಾಗಿದ್ದದ್ದು ಸೋಂದೆಯ ಕಾಳುಮೆಣಸು. ನಾಟಿಂಗ್‌ಹ್ಯಾಮ್‌ಶೈರ್‌ನ ಗೋಧಿ ಪಟ್ಟಿಗಳನ್ನು ಗೆರೆ ಗೆರೆಯಾಗಿ ಅಳೆಸಿದ ಮನುಷ್ಯನ ಹಣವೇ ಘಟ್ಟದ ಮೆಣಸಿಗೂ ಹಡಗು ಕಳಿಸಿತು. ಆ ಸಾಹಸದಲ್ಲಿ ಮನೆತನ ಸಾಲದಲ್ಲಿ ಮುಳುಗಿತು, ಲ್ಯಾಕ್ಸ್‌ಟನ್ ಮುಂದೆ ಪಿಯರ್‌ಪಾಂಟ್ ಮನೆತನದ ಕೈಸೇರಿತು.


ಬದುಗಾರ

ಕಾಳಿ_ಮುಖ ಅವರೇ, ಇದು ಬಹಳ ಮುಖ್ಯವಾದ ಸೇರ್ಪಡೆ. ಅಳತೆ ಮಾಡಿಸಿದ್ದು ಯಾಕೆ ಎನ್ನುವುದಕ್ಕೂ ಇದು ಬೆಳಕು ಕೊಡುತ್ತದೆ. ಹೊಸದಾಗಿ ಆಸ್ತಿ ಕೊಂಡ ವ್ಯಾಪಾರಿಗೆ ಯಾವ ಪಟ್ಟಿಗೆ ಎಷ್ಟು ಗೇಣಿ ಬರಬೇಕೆಂದು ತಿಳಿಯಬೇಕಿತ್ತು.


ಹೊಸಪೈರು

ಮೂರರಲ್ಲಿ ಒಂದು ಪಾಲು ಭೂಮಿ ಪ್ರತಿ ವರ್ಷ ಬೀಳು ಎಂದರೆ ದೊಡ್ಡ ನಷ್ಟವಲ್ಲವೇ? ಸುತ್ತಲಿನ ಊರುಗಳೆಲ್ಲ ಬೇಲಿ ಹಾಕಿಕೊಂಡು ಬದಲಾದಾಗ ಇವರು ಮಾತ್ರ ಯಾಕೆ ಉಳಿದರು? ಊರಿನವರೆಲ್ಲ ಸೇರಿ ಭೂಮಿಯ ಒಡೆಯರಾಗಿದ್ದರಿಂದಲೇ?


ಟ್ರೆಂಟ್_ದಂಡೆ

ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ. ಭೂಮಿ ಊರಿನವರೆಲ್ಲರದು ಅಲ್ಲ. ಸಣ್ಣ ಒಡೆತನದವರು ಕೆಲವರು ಇದ್ದರು, ಉಳಿದವರು ಜಮೀನ್ದಾರರ ಗೇಣಿದಾರರು. ಸಾಮೂಹಿಕವಾಗಿದ್ದದ್ದು ನಿರ್ವಹಣೆ: ಸರದಿ, ಮೇಯಿಸುವ ದಿನ, ದಾರಿ, ಕಾಲುವೆ.

ಬೀಳಿನ ಬಗ್ಗೆ. ರಸಗೊಬ್ಬರ, ಕಳೆನಾಶಕ ಎರಡೂ ಇಲ್ಲದ ಕಾಲದಲ್ಲಿ ಆ ಒಂದು ವರ್ಷವೇ ಹೊಲದ ಔಷಧಿ. ಬೇಸಿಗೆಯಲ್ಲಿ ಎರಡು ಮೂರು ಸಲ ಉತ್ತು ಕಳೆಯ ಬೇರನ್ನು ಬಿಸಿಲಿಗೆ ಒಣಗಿಸಬೇಕು. ನಡುವೆ ಕುರಿಮಂದೆ ಬಿಡಬೇಕು, ಹಿಕ್ಕೆಯೇ ಗೊಬ್ಬರ. ಕೊಯ್ಲಾದ ಹೊಲಗಳ ಕೂಳೆಯನ್ನೂ ಎಲ್ಲರ ದನಕುರಿ ಸೇರಿ ಮೇಯುತ್ತಿದ್ದವು. ಇದಕ್ಕೇ ಬೇಲಿ ಇರಬಾರದು, ಇದಕ್ಕೇ ಎಲ್ಲರ ಬೆಳೆ ಒಂದೇ ಇರಬೇಕು. ಒಬ್ಬ ಮಾತ್ರ ತಡವಾಗಿ ಕೊಯ್ಯುವ ಬೆಳೆ ಹಾಕಿದರೆ ಉಳಿದ ಎಲ್ಲರ ದನ ಕಾಯಬೇಕಾಗುತ್ತದೆ. ಈಗ ಬೀಳು ಹೊಲದಲ್ಲಿ ಸಾಮಾನ್ಯವಾಗಿ ಮೇವಿನ ಬೆಳೆ ಹಾಕುತ್ತಾರೆ, ಬರಿದಾಗಿ ಬಿಡುವುದು ಕಡಿಮೆ.

ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ದೊಡ್ಡ ಆದರ್ಶದಲ್ಲಿ ಇಲ್ಲ. 1604ರಿಂದ 1914ರವರೆಗೆ 5,200ಕ್ಕಿಂತ ಹೆಚ್ಚು ಬೇಲಿ ಮಸೂದೆಗಳ ಮೂಲಕ, ಅಂದರೆ ಬಯಲು ಭೂಮಿಯನ್ನು ಒಬ್ಬೊಬ್ಬರಿಗೆ ಬೇಲಿ ಹಾಕಿ ಹಂಚುವ ಕಾನೂನುಗಳಿಂದ, ಇಂಗ್ಲೆಂಡಿನಲ್ಲಿ ಸುಮಾರು 68 ಲಕ್ಷ ಎಕರೆ ಹೀಗೆ ಹಂಚಿಹೋಯಿತು. ಲ್ಯಾಕ್ಸ್‌ಟನ್ನಿನಲ್ಲೂ ಬಯಲು ಕುಗ್ಗುತ್ತಾ ಬಂತು, ಈಸ್ಟ್ ಫೀಲ್ಡ್ ಪೂರ್ತಿ ಹೋಯಿತು. ಆದರೆ ಇಲ್ಲಿ ಇಬ್ಬರು ದೊಡ್ಡ ಒಡೆಯರು: ಪಿಯರ್‌ಪಾಂಟರು, ಅಂದರೆ ಮುಂದಿನ ಅರ್ಲ್ ಮ್ಯಾನ್ವರ್ಸ್ ಮನೆತನ, ಮತ್ತು ಅರ್ಲ್ ಆಫ್ ಸ್ಕಾರ್ಬರೋ ಮನೆತನ. ಇಬ್ಬರ ಪಟ್ಟಿಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದಲು ಬದಲು ಮಾಡಿಕೊಳ್ಳುವ ಮಾತುಕತೆ ಕುದುರದೆ ಪೂರ್ತಿ ಹಂಚಿಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಖರ್ಚೂ ಹೆಚ್ಚು: ವಕೀಲರು, ಕಮಿಷನರುಗಳು, ಅಳತೆ, ಹೊಸ ಬೇಲಿ, ಹೊಸ ದಾರಿ. ಧಾನ್ಯದ ಬೆಲೆ ಬಿದ್ದ ಮೇಲೆ ಅಷ್ಟು ಹಣ ಹಾಕುವ ಆಸಕ್ತಿ ಹೋಯಿತು.

20ನೇ ಶತಮಾನದ ಮೊದಲ ದಶಕದಲ್ಲಿ ಅರ್ಲ್ ಮ್ಯಾನ್ವರ್ಸ್ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿಸಿದ. ಈಗ ಇರುವುದು ಸುಮಾರು 160 ಪಟ್ಟಿ, ಸರಾಸರಿ 3 ಎಕರೆ. ಇದನ್ನು ನೋಡಿ 'ಮಧ್ಯಯುಗ ಹಾಗೇ ಇದೆ' ಎನ್ನುವುದು ತಪ್ಪು. ಹಾಗೇ ಬಂದಿರುವುದು ಕೋರ್ಟು.


ಹೊಸಪೈರು

ಆ ಕೋರ್ಟಿನ ನಡವಳಿಕೆ ದಿನದ ಪ್ರಕಾರ ಬರೆಯುತ್ತೀರಾ ಸರ್? ಯಾರು ಕೂರುತ್ತಾರೆ, ಏನು ನೋಡುತ್ತಾರೆ, ದಂಡ ಹೇಗೆ ಬೀಳುತ್ತದೆ?


ಟ್ರೆಂಟ್_ದಂಡೆ

ನವೆಂಬರ್ ಕೊನೆಯಲ್ಲಿ, ಗೋಧಿ ಬಿತ್ತನೆ ಮುಗಿದು ಮೊಳಕೆ ಕಾಣುವ ಹೊತ್ತಿಗೆ, ಜ್ಯೂರಿ ದಿನ. ಹನ್ನೆರಡು ಮಂದಿ ಜ್ಯೂರಿ, ಅವರಲ್ಲೊಬ್ಬ ಮುಖ್ಯಸ್ಥ. ಎಲ್ಲರೂ ಅಲ್ಲಿ ಹೊಲ ಮಾಡುವವರೇ, ಹಾಗಾಗಿ ಯಾರು ಎಲ್ಲಿ ಕೈ ಚಾಚುತ್ತಾರೆ ಎಂಬುದು ಕಣ್ಣಿಗೆ ಬೇಗ ಬೀಳುತ್ತದೆ. ಅವರು ತಪಾಸಣೆ ಮಾಡುವುದು ಆ ವರ್ಷ ಗೋಧಿ ಬಿತ್ತಿರುವ ಒಂದೇ ಹೊಲವನ್ನು. ಸರದಿ ತಿರುಗುವುದರಿಂದ ಮೂರು ವರ್ಷಕ್ಕೊಮ್ಮೆ ಪ್ರತಿ ಹೊಲವೂ ತಪಾಸಣೆಗೆ ಬರುತ್ತದೆ. ಗೋಧಿ ಹೊಲವೇ ಯಾಕೆಂದರೆ, ಹೊಸದಾಗಿ ಉತ್ತು ಬಿತ್ತಿದ ನೆಲದಲ್ಲಿ ನೇಗಿಲು ಎಲ್ಲಿಯವರೆಗೆ ಹೋಯಿತು ಎಂಬುದು ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಗೂಟದ ಕಟ್ಟು ಮತ್ತು ಸುತ್ತಿಗೆ ಹಿಡಿದು ಹೊರಡುತ್ತಾರೆ. ಪಟ್ಟಿಯ ತುದಿ ದಾರಿಗೆ ಅಥವಾ ಸೈಕಿಗೆ ತಾಗುವ ಜಾಗವೇ ಮುಖ್ಯ. ಹಳೆಯ ಗೂಟ ಇದ್ದರೆ ಅದರಿಂದ, ಇಲ್ಲದಿದ್ದರೆ ಆಚೀಚೆಯ ಎರಡು ಗೂಟಗಳನ್ನು ಕಣ್ಣಳತೆಯಲ್ಲಿ ಒಂದೇ ಗೆರೆಗೆ ತಂದು ನಡುವಿನ ಜಾಗ ಗುರುತಿಸಿ ಹೊಸ ಗೂಟ ಹೊಡೆಯುತ್ತಾರೆ. ಹಸಿರು ಮೊಳಕೆ ಗೂಟದ ಆಚೆಗೂ ಕಂಡರೆ, ಅವನು ಎಲ್ಲರ ದಾರಿಯನ್ನು ಉತ್ತಿದ್ದಾನೆ ಎಂದರ್ಥ. ಹೆಸರು ಬರೆದುಕೊಳ್ಳುತ್ತಾರೆ. ಕಾಲುವೆ ಕಟ್ಟಿಕೊಂಡಿದೆಯೇ, ದಾರಿಯಲ್ಲಿ ಏನಾದರೂ ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡುತ್ತಾರೆ. ಕಾಲುವೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕೆಳಗಿನವನು ಬಸಿಗಾಲುವೆ ತೆಗೆಯದಿದ್ದರೆ ಮೇಲಿನ ಪಟ್ಟಿಗಳ ತಗ್ಗಿನಲ್ಲೆಲ್ಲ ನೀರು ಹಿಮ್ಮೆಟ್ಟಿ ನಿಲ್ಲುತ್ತದೆ.

ಒಂದು ವಾರದ ನಂತರ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಕೋರ್ಟ್ ಲೀಟ್, ಅಂದರೆ ಈ ಊರ ಕೋರ್ಟು, ಕೂರುತ್ತದೆ. ಮೇನರಿನ ಒಡೆಯನ ಪರವಾಗಿ ಸ್ಟೀವರ್ಡ್ ಅಧ್ಯಕ್ಷತೆ ವಹಿಸುತ್ತಾನೆ, ಇವನು ವಕೀಲನಾಗಿರುತ್ತಾನೆ. ಬೇಲಿಫ್ ಎಂಬ ಕೋರ್ಟಿನ ನೌಕರ ಕೂಗಿ ಕೋರ್ಟು ತೆರೆಯುತ್ತಾನೆ. ಹಾಜರಿ, ಜ್ಯೂರಿಯ ವರದಿ, ದಂಡ. ಆಮೇಲೆ ಮುಂದಿನ ವರ್ಷದ ಹೊಲಕ್ಕೆ ಹೊಸ ಜ್ಯೂರಿಗೆ ಪ್ರಮಾಣವಚನ. ದಂಡ ಕೆಲವೇ ಪೌಂಡು. ಗೈರುಹಾಜರಾದವರಿಗೆ ಬೀಳುವುದು ಕೆಲವೇ ಪೆನ್ಸ್. ನಿಜವಾದ ಪೆಟ್ಟು ನೆರೆಹೊರೆಯವರ ಎದುರು ಹೆಸರು ಓದುವುದು.

ಇದು ಬರೀ ಸಂಪ್ರದಾಯದ ಆಚರಣೆಯಾಗಿ ಉಳಿದಿಲ್ಲ. 1977ರ ನ್ಯಾಯಾಡಳಿತ ಕಾಯ್ದೆ ಇಂಥ ಹಳೆಯ ಮೇನರ್ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ನಿಗೆ ವಿನಾಯಿತಿ ಕೊಟ್ಟಿತು. ಬಯಲು ಹೊಲದ ವಿಷಯದಲ್ಲಿ ಇದರ ಮಾತು ಇವತ್ತಿಗೂ ಕಾನೂನು.


ಹುಲ್ಲುಬಣವೆ

ಸೈಕ್ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನೋಡಲು ಹೋದವರು ಅದನ್ನು ಪಾಳುಬಿದ್ದ ಜಾಗ ಎಂದು ದಾಟಿಬಿಡುತ್ತಾರೆ. ಹೊಲದ ನಡುವೆ ನೀರು ಹರಿಯುವ ತಗ್ಗು, ಉಳಲು ತೀರಾ ಕಡಿದಾದ ಇಳಿಜಾರು, ಇವನ್ನು ಯಾವತ್ತೂ ಉತ್ತಿಲ್ಲ. ನೇಗಿಲು, ಗೊಬ್ಬರ, ಕಳೆನಾಶಕ ಕಾಣದ ಕಾರಣ ಹಳೆಯ ಹುಲ್ಲುಗಾವಲಿನ ಗಿಡಗಳು ಇಲ್ಲಿ ಉಳಿದಿವೆ. ಜೂನ್ ಕೊನೆಗೆ ನ್ಯಾಪ್‌ವೀಡ್‌ನ ನೇರಳೆ ಹೂ ಕಾಣುತ್ತದೆ. ಸರ್ಕಾರ ಇವನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣ ಎಂದು ಸಂರಕ್ಷಿಸಿದೆ.

ಬೇಸಿಗೆಯಲ್ಲಿ ಈ ಹುಲ್ಲನ್ನು ತುಂಡು ತುಂಡಾಗಿ ಹರಾಜು ಹಾಕುತ್ತಾರೆ, ಜಾಗ ಅದೇ ಪಬ್ಬು. ಕೂಗಿ ಪಡೆದವನು ಕೊಯ್ದು ಒಣಗಿಸಿ ಒಯ್ಯಬೇಕು. ಹಣ ಗೇಟ್ ಎಂಬ ಮೇಯಿಸುವ ಹಕ್ಕು ಉಳ್ಳವರಿಗೆ ಹಂಚಿಕೆ. ಕಟಾವಿನ ಕ್ರಮ ಮುಖ್ಯ: ಹೂವಿನ ಬೀಜ ಉದುರುವ ಮೊದಲೇ ಕೊಯ್ದರೆ ಮರುವರ್ಷ ಗಿಡ ಕಡಿಮೆ. ಕೊಯ್ಯದೇ ಬಿಟ್ಟರೂ ಕೇಡು, ಒರಟು ಹುಲ್ಲು ಮೇಲಾಗಿ ಮುಳ್ಳುಪೊದೆ ಹತ್ತುತ್ತದೆ. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟು ಕೊಳೆಸಿದರೆ ಮಣ್ಣಿನ ಸಾರ ಹೆಚ್ಚಿ ಅದೇ ಒರಟು ಹುಲ್ಲಿಗೆ ಅನುಕೂಲ. ಹಾಗಾಗಿ ಒಯ್ಯಲೇಬೇಕು.

ಊರಿನೊಳಗೆ ಪಿನ್‌ಫೋಲ್ಡ್ ಎಂಬ ಸಣ್ಣ ಆವರಣವನ್ನೂ ನೋಡಿ. ನಮ್ಮ ಕಡೆಯ ಕೊಂಡವಾಡ, ಬೀದಿದನದ ದೊಡ್ಡಿ ಇದ್ದ ಹಾಗೆಯೇ. ಬೆಳೆಗೆ ನುಗ್ಗಿದ ದನವನ್ನು ಪಿಂಡರ್ ಎಂಬ ಊರ ಕೆಲಸಗಾರ ಹಿಡಿದು ಕೂಡುತ್ತಿದ್ದ, ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಬೇಲಿಯೇ ಇಲ್ಲದ ಹೊಲಕ್ಕೆ ಇದಿಲ್ಲದೆ ನಡೆಯುವುದಿಲ್ಲ. ಇಂಥ ಊರುಗಳ ಹಳೆಯ ಕೋರ್ಟು ಆಜ್ಞೆಗಳಲ್ಲಿ ಹಂದಿಯ ಮೂಗಿಗೆ ಬಳೆ ಹಾಕಬೇಕೆಂಬುದೂ ಮತ್ತೆ ಮತ್ತೆ ಬರುತ್ತದೆ, ಬಳೆ ಇಲ್ಲದ ಹಂದಿ ಒಂದು ರಾತ್ರಿಯಲ್ಲಿ ಹುಲ್ಲುನೆಲವನ್ನು ಬುಡಮೇಲು ಮಾಡುತ್ತದೆ.


ಚೆಕ್ಕುಬಂದಿ

ಈ ಊರನ್ನು ಇಂಗ್ಲೆಂಡಿನ "ಕೊನೆಯ ಬಯಲು ಹೊಲ" ಎಂದು ಕರೆಯುವುದುಂಟು, ಆ ಮಾತನ್ನು ಸ್ವಲ್ಪ ತಿದ್ದಬೇಕು. ಡೆವನ್‌ನ ಬ್ರಾಂಟನ್ ಗ್ರೇಟ್ ಫೀಲ್ಡ್, ಲಿಂಕನ್‌ಶೈರ್‌ನ ಆಕ್ಸ್‌ಹೋಮ್ ಪ್ರದೇಶ, ಇಲ್ಲೆಲ್ಲ ಬೇಲಿ ಇಲ್ಲದ ಪಟ್ಟಿಗಳು ಇನ್ನೂ ಇವೆ. ಆದರೆ ಅಲ್ಲಿ ತನ್ನ ಪಟ್ಟಿಯಲ್ಲಿ ಏನು ಬೆಳೆಯಬೇಕೆಂಬುದು ಅವರವರ ಇಷ್ಟ. ಸರದಿ, ಜ್ಯೂರಿ, ಕೋರ್ಟು ಮೂರೂ ಒಟ್ಟಿಗೆ ನಡೆಯುವುದು ಲ್ಯಾಕ್ಸ್‌ಟನ್ನಿನಲ್ಲಿ.


ರೆಂಟೆ_ಸಾಲು

ಇವತ್ತಿನ ಕಷ್ಟಗಳನ್ನೂ ಬರೆಯದಿದ್ದರೆ ಅಲ್ಲಿನ ರೈತರಿಗೆ ಅನ್ಯಾಯ. ಬಾಗಿದ ಕಿರಿದಾದ ಪಟ್ಟಿಯಲ್ಲಿ ಅಗಲ ಬೂಮ್ (ಅಡ್ಡತೋಳು) ಇರುವ ಸಿಂಪರಣಾ ಯಂತ್ರ ಓಡಿಸಿದರೆ ಔಷಧಿ ನೆರೆಯವನ ಪೈರಿಗೂ ಬೀಳುತ್ತದೆ. ಯಂತ್ರದ ಅಗಲಕ್ಕೆ ಪಟ್ಟಿಯ ಅಗಲ ಸಮನಾಗಿ ಭಾಗವಾಗದಿದ್ದರೆ ಒಂದೋ ಎರಡು ಸಲ ಸಿಂಪರಣೆ, ಇಲ್ಲವೇ ಬಿಟ್ಟುಹೋದ ಗೆರೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಯಂತ್ರ ಸಾಗಿಸುವುದರಲ್ಲೇ ಡೀಸೆಲ್, ಹೊತ್ತು ಎರಡೂ ಹೋಗುತ್ತವೆ. ಮಾರುಕಟ್ಟೆಯಲ್ಲಿ ಯಾವುದಕ್ಕೆ ಬೆಲೆ ಇದೆಯೋ ಅದನ್ನು ಬೆಳೆಯುವ ಸ್ವಾತಂತ್ರ್ಯವೂ ಇಲ್ಲ. ಆದ್ದರಿಂದ ಲ್ಯಾಕ್ಸ್‌ಟನ್ನಿನ ಒಕ್ಕಲುತನಕ್ಕೆ ಬೇಲಿಯೊಳಗಿನ ಭೂಮಿಯೂ ಬೇಕು. ಬಯಲು ಪಟ್ಟಿಗಳನ್ನೇ ನಂಬಿ ಬದುಕುವುದು ಈಗ ಆಗದು.

ಒಡೆತನ ಬದಲಾದಾಗಲೆಲ್ಲ ಆತಂಕ ಬಂದಿರುವುದು ಇದಕ್ಕೇ. 1952ರಲ್ಲಿ ಅರ್ಲ್ ಮ್ಯಾನ್ವರ್ಸ್‌ನಿಂದ ಕೃಷಿ ಸಚಿವಾಲಯ ಕೊಂಡಿತು. 1981ರಲ್ಲಿ ಕ್ರೌನ್ ಎಸ್ಟೇಟಿಗೆ, ಅಂದರೆ ರಾಜಪದವಿಯ ಹೆಸರಿನ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ, ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೊಂಡುಕೊಂಡಿತು, ಅಂದರೆ ಹಳೆಯ ಮ್ಯಾನ್ವರ್ಸ್ ಮನೆತನದ ಕಡೆಗೇ ಮರಳಿತು. ಗೂಟ ಹೊಡೆಯಲು ಬರುವ ಹನ್ನೆರಡು ಮಂದಿ ಬೇಕು, ಅವರು ಬೇಸಾಯದಲ್ಲಿ ಉಳಿಯುವಷ್ಟು ಆದಾಯ ಬೇಕು. ಯಾವ ಒಡೆಯ ಬಂದರೂ ಕೇಳಬೇಕಾದ ಪ್ರಶ್ನೆ ಇದೇ.


ಹೊಸಪೈರು

ನಾಟಿಂಗ್‌ಹ್ಯಾಮ್, ಲೆಸ್ಟರ್ ಕಡೆ ಇರುವ ಕನ್ನಡಿಗರು ಒಂದು ದಿನದಲ್ಲಿ ನೋಡಿ ಬರುವುದಾದರೆ ಯಾವ ಕ್ರಮದಲ್ಲಿ ನೋಡಬೇಕು?


ಹುಲ್ಲುಬಣವೆ

ರೈಲಿನಲ್ಲಾದರೆ ನ್ಯೂಅರ್ಕ್ ಅಥವಾ ರೆಟ್‌ಫರ್ಡ್‌ವರೆಗೆ ಬಂದು ಅಲ್ಲಿಂದ ಕಾರು. ಕಾರಿನಲ್ಲೇ ಬರುವವರು ಎ1 ಹೆದ್ದಾರಿಯಿಂದ ಟಕ್ಸ್‌ಫರ್ಡ್ ಹತ್ತಿರ ಇಳಿಯಬೇಕು. ಡವ್‌ಕೋಟ್ ಇನ್ ಪಕ್ಕದಲ್ಲೇ ಸಂದರ್ಶಕರ ಕೇಂದ್ರ ಇದೆ, ಮೊದಲು ಅಲ್ಲಿ ನಕ್ಷೆ ನೋಡಿಕೊಳ್ಳಿ. ಊರ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಒಕ್ಕಲುಮನೆಗಳು ಬೀದಿಗೆ ಮಗ್ಗುಲು ಕೊಟ್ಟು ನಿಂತಿರುವುದನ್ನು ಗಮನಿಸಿ. ಹಿಂದೆ ಅಂಗಳ, ಕಣಜ, ಅದರ ಹಿಂದೆ ಉದ್ದನೆಯ ಹಿತ್ತಲು. ಬೇಲಿ ಹಾಕಿಕೊಂಡ ಊರುಗಳಲ್ಲಿ ರೈತರ ಮನೆಗಳು ಎಷ್ಟೋ ಕಡೆ ಹೊಲಕ್ಕೆ ಸ್ಥಳಾಂತರವಾದವು. ಇಲ್ಲಿ ಪಟ್ಟಿಗಳು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಊರ ನಡುವೆ ಇರುವುದೇ ಅನುಕೂಲ. ಆಮೇಲೆ ಚರ್ಚು, ಕೋಟೆ ದಿಬ್ಬ, ಕೊನೆಗೆ ಹೊಲದ ದಾರಿಗಳು.

ಮಳೆಯಾದ ಮರುದಿನ ಹೋಗಬೇಡಿ. ಆ ಜೇಡಿ ಬೂಟಿಗೆ ಹತ್ತಿದರೆ ಹೆಜ್ಜೆಗೊಂದು ಸೇರು ಮಣ್ಣು. ಪೈರಿನೊಳಗೆ ಕಾಲಿಡದೆ ಗುರುತು ಹಾಕಿದ ದಾರಿಯಲ್ಲೇ ನಡೆಯಿರಿ, ಗೂಟ ಕಂಡರೆ ಮುಟ್ಟಬೇಡಿ. ನಾಯಿ ಇದ್ದರೆ ಹಗ್ಗದಲ್ಲಿರಲಿ.


ರೆಂಟೆ_ಸಾಲು

ದಿಂಡು-ತಗ್ಗು ನೋಡಲು ಬಯಲು ಹೊಲಕ್ಕೇ ಹೋಗಿ ನಿರಾಶರಾಗುವವರು ಇದ್ದಾರೆ. ಟ್ರ್ಯಾಕ್ಟರ್ ಉಳುಮೆಗೆ ಅಲ್ಲಿನ ದಿಂಡುಗಳು ಬಹುಪಾಲು ಸಮವಾಗಿವೆ. ಚೆನ್ನಾಗಿ ಕಾಣುವುದು ಹಳೆಯ ಕಾಲದಲ್ಲೇ ಬೇಲಿ ಹಾಕಿ ಹುಲ್ಲಿಗೆ ಬಿಟ್ಟ ಜಾಗಗಳಲ್ಲಿ, ಅಲ್ಲಿ ಕೊನೆಯ ಉಳುಮೆಯ ಆಕಾರ ಹುಲ್ಲಿನಡಿ ಹಾಗೇ ಇರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲಿಗೆ ಎದುರಾಗಿ ನಿಲ್ಲಿ. ಓರೆ ಬೆಳಕಿನಲ್ಲಿ ಪ್ರತಿ ತಗ್ಗಿಗೂ ನೆರಳು ತುಂಬಿರುತ್ತದೆ, ತುದಿಯಲ್ಲಿ ಎಡಕ್ಕೆ ವಾಲುವ ಬಾಗು ಕಾಣುತ್ತದೆ. ಎತ್ತಿನ ಸಾಲು ತಿರುಗಲು ಶುರುಮಾಡುತ್ತಿದ್ದದ್ದು ಅಲ್ಲಿಂದ.